ಮಂಗಳ ಹಾಡುವ ಹೊತ್ತಿಗೆ ಸರಣಿಗಳು ಎಡವುವುದೇಕೆ?

2026ರ ಮೊದಲ ಬೆಳಗ್ಗೆ ಆರೂವರೆಗೆ ‘ಸ್ಟ್ರೇಂಜರ್ ಥಿಂಗ್ಸ್’ ಸರಣಿಯ ಕಟ್ಟಕಡೆಯ ಸಂಚಿಕೆ ಭಾರತದಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಅಮೆರಿಕದಲ್ಲಿ ಆಗಿನ್ನೂ ಡಿಸೆಂಬರ್ 31ರ ಸಂಜೆ. ಅಲ್ಲಿಯೂ ಕೆನಡಾದಲ್ಲಿಯೂ ಐನೂರಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ಅದೇ ಸಂಚಿಕೆಯ ಪ್ರದರ್ಶನವಿತ್ತು. ಪುಟ್ಟ ಊರಿನ ಮಕ್ಕಳು ಇನ್ನೊಂದು ಲೋಕದ ದೈತ್ಯರನ್ನು ಎದುರಿಸುವ, 2016ರ ಜುಲೈನಲ್ಲಿ ಶುರುವಾದ ಈ ಕತೆ ಐದು ಸೀಸನ್, 42 ಸಂಚಿಕೆಗಳನ್ನು ದಾಟಿ, ಎರಡು ತಾಸಿಗೂ ಉದ್ದದ ಕೊನೆಯ ಕಂತಿನೊಂದಿಗೆ ಮುಗಿಯಿತು. ಆದರೆ ಅದು ಮುಗಿದಿದೆ ಎಂಬುದನ್ನೇ ಬಹಳಷ್ಟು ಅಭಿಮಾನಿಗಳು ಒಪ್ಪಲಿಲ್ಲ. ನೋಡಿದ್ದು ನಿಜವಾದ ಅಂತ್ಯವಲ್ಲ, ಖಳನಾಯಕ ವೆಕ್ನಾ ಹುಟ್ಟಿಸಿದ ಭ್ರಮೆ, ಜನವರಿ 7ಕ್ಕೆ ಗುಟ್ಟಾಗಿಟ್ಟಿರುವ ಇನ್ನೊಂದು ಸಂಚಿಕೆ ಬರಲಿದೆ ಎಂಬ ಮಾತು ಲೋಕವೆಲ್ಲ ಹಬ್ಬಿತು. ಗೋಡೆಯ ಬಣ್ಣ, ಪಾತ್ರಗಳು ಕೈ ಕಟ್ಟಿ ನಿಂತ ಭಂಗಿ, ಪುಸ್ತಕಗಳ ಬೆನ್ನು, ಎಲ್ಲದರಲ್ಲೂ ಸುಳಿವು ಹುಡುಕಿದರು. ಏಳನೇ ತಾರೀಖು ಬಂತು, ಹೋಯಿತು. ಸಂಚಿಕೆ ಬರಲಿಲ್ಲ.

ಹೀಗೆ ಕಾದು ಕುಳಿತವರನ್ನು ಹುಚ್ಚರೆಂದು ಬದಿಗೆ ಸರಿಸಲು ನನಗೆ ಮನಸ್ಸಿಲ್ಲ. ಹತ್ತು ವರ್ಷ ಒಂದು ಕತೆಯ ಹಿಂದೆ ನಡೆದವರಿಗೆ ಕೊನೆಯಲ್ಲಿ ಏನೋ ಕೈತಪ್ಪಿದೆ ಎನ್ನಿಸಿದೆ. ಆ ಅನ್ನಿಸಿಕೆ ಸುಳ್ಳಲ್ಲ. ಕೈತಪ್ಪಿದ್ದು ಏನು, ಎಲ್ಲಿ ತಪ್ಪಿತು ಎಂಬುದನ್ನು ಮಾತ್ರ ಅವರು ತಪ್ಪು ಜಾಗದಲ್ಲಿ ಹುಡುಕಿದರು. ಕೊನೆಯ ಸಂಚಿಕೆಗಳ ಬಗ್ಗೆ ನಡೆಯುವ ಜಗಳಗಳಲ್ಲಿ ಹೆಚ್ಚಿನವು ‘ಯಾರು ಸಾಯಬೇಕಿತ್ತು, ಯಾರು ಗೆಲ್ಲಬೇಕಿತ್ತು’ ಎಂಬುದರ ಸುತ್ತಲೇ ಸುತ್ತುತ್ತವೆ. ನನ್ನ ವಾದ ಬೇರೆ. ಅಂತ್ಯದ ಹಣೆಬರಹ ಬಹಳ ಹಿಂದೆಯೇ, ಎರಡು ವಿಷಯಗಳಲ್ಲಿ ತೀರ್ಮಾನವಾಗಿರುತ್ತದೆ: ಕತೆಯನ್ನು ನಿಲ್ಲಿಸುವ ಹಕ್ಕು ಯಾರ ಕೈಯಲ್ಲಿದೆ, ಮತ್ತು ಆ ನಿಲುಗಡೆಯವರೆಗೆ ಪಾತ್ರಗಳು ನಡೆದು ಬರಲು ಸಾಕಷ್ಟು ಜಾಗ ಸಿಕ್ಕಿದೆಯೇ.

ಮುಂದೆ ಹಲವು ಸರಣಿಗಳ ಕೊನೆಯನ್ನು ಬಿಚ್ಚಿ ಹೇಳಲಿದ್ದೇನೆ. ಇನ್ನೂ ನೋಡದವರು ಇಲ್ಲಿಯೇ ನಿಲ್ಲುವುದು ಒಳ್ಳೆಯದು.

‘ಸ್ಟ್ರೇಂಜರ್ ಥಿಂಗ್ಸ್’ ಅಂತಿಮ ಸಂಚಿಕೆಯ ಕೊನೆಯ ದೃಶ್ಯ ನನಗೆ ನಿಜಕ್ಕೂ ಇಷ್ಟವಾಯಿತು. ಆ ಮಕ್ಕಳಲ್ಲೊಬ್ಬನಾದ ಮೈಕ್‌ನ ಮನೆಯ ನೆಲಮಾಳಿಗೆಯಲ್ಲಿ ಗೆಳೆಯರು ಕೊನೆಯ ಬಾರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನ ಆಟಕ್ಕೆ ಕೂರುತ್ತಾರೆ. ಮೊದಲ ಸಂಚಿಕೆಯಲ್ಲಿ ಅವರನ್ನು ನಾವು ಕಂಡದ್ದು ಅಲ್ಲಿಯೇ. ಆಟ ಮುಗಿದ ಮೇಲೆ ಒಬ್ಬೊಬ್ಬರಾಗಿ ತಮ್ಮ ತಮ್ಮ ಆಟದ ಕಡತಗಳನ್ನು ಕಪಾಟಿನಲ್ಲಿ ಇಟ್ಟು ಮೇಲೆ ಹೋಗುತ್ತಾರೆ. ಮೈಕ್‌ನ ತಂಗಿ ಹಾಲಿ ತನ್ನ ಗೆಳೆಯರೊಂದಿಗೆ ಓಡಿ ಬಂದು ಅದೇ ಮೇಜನ್ನು ಆಕ್ರಮಿಸುತ್ತಾಳೆ. ಮೈಕ್ ಒಂದು ಕ್ಷಣ ನಿಂತು ನೋಡಿ ಬಾಗಿಲು ಮುಚ್ಚುತ್ತಾನೆ. ಬಾಲ್ಯ ಮುಗಿಯುವುದನ್ನು ಇಷ್ಟು ಸರಳವಾಗಿ ತೋರಿಸಿದ್ದಕ್ಕೆ ಸರಣಿಯ ಜನಕರಾದ ಡಫರ್ ಸಹೋದರರಿಗೆ ನಾನು ಋಣಿ. ಆ ದೃಶ್ಯ ಅವರ ಮನಸ್ಸಿನಲ್ಲಿ ಬಹಳ ವರ್ಷಗಳಿಂದ ಇತ್ತು ಎಂಬುದು ನೋಡಿದರೇ ತಿಳಿಯುತ್ತದೆ.

ತೊಂದರೆ ಅದಕ್ಕಿಂತ ಮೊದಲಿನದು. ಈ ಸರಣಿ ಒಂದು ಅಭ್ಯಾಸ ಬೆಳೆಸಿಕೊಂಡಿತ್ತು. ಪ್ರತಿ ಸೀಸನ್‌ನಲ್ಲಿ ಹೊಸಬರೊಬ್ಬರನ್ನು ತಂದು, ನಾವು ಅವರನ್ನು ಪ್ರೀತಿಸುವಂತೆ ಮಾಡಿ, ಕೊನೆಗೆ ಅವರನ್ನೇ ಬಲಿ ಕೊಡುವುದು. ಎರಡನೆಯದರಲ್ಲಿ ಬಾಬ್, ಮೂರನೆಯದರಲ್ಲಿ ಅಲೆಕ್ಸೈ, ನಾಲ್ಕನೆಯದರಲ್ಲಿ ಎಡ್ಡಿ. ಮೂಲ ಗುಂಪನ್ನು ಮುಟ್ಟುವ ಧೈರ್ಯ ಕೊನೆಯವರೆಗೂ ಬರಲಿಲ್ಲ. ಹಾಗೆಂದು ಯಾರಾದರೂ ಸಾಯಲೇಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಅಪಾಯವೇ ಇಲ್ಲವೆಂದು ನೋಡುಗರಿಗೆ ಗೊತ್ತಾದ ಮೇಲೆ ಎಂಥ ದೈತ್ಯನನ್ನು ತಂದರೂ ಎದೆ ನಡುಗುವುದಿಲ್ಲ. ಕೊನೆಗೆ ಅತಿಮಾನುಷ ಶಕ್ತಿಯ ಹುಡುಗಿ ಇಲೆವೆನ್ ಆ ಇನ್ನೊಂದು ಲೋಕದೊಂದಿಗೆ ತಾನೂ ಅಳಿಯಲು ನಿರ್ಧರಿಸುತ್ತಾಳೆ. ನೋಡುಗ ಅಳುವ ಹೊತ್ತಿಗೆ ಮೈಕ್ ಇನ್ನೊಂದು ಕತೆ ಹೇಳುತ್ತಾನೆ: ಅವಳು ಬದುಕಿರಬಹುದು, ದೂರದ ಒಂದು ಊರಿನಲ್ಲಿ, ಜಲಪಾತಗಳ ಬಳಿ. ಸತ್ತಳೆಂದು ನಂಬುವವರಿಗೂ ಬದುಕಿದಳೆಂದು ನಂಬುವವರಿಗೂ ಅವರವರ ಪಾಲು ಸಿಕ್ಕಿತು. ಅಂತ್ಯವನ್ನು ಹೀಗೆ ತೆರೆದಿಡುವುದು ತಪ್ಪಲ್ಲ, ಅದರಿಂದ ಪಾತ್ರದ ಬಗ್ಗೆ ಹೊಸದೇನಾದರೂ ತಿಳಿದರೆ. ಇಲ್ಲಿ ಅದು ಯಾರನ್ನೂ ನೋಯಿಸದಿರುವ ಏರ್ಪಾಟಾಗಿ ಉಳಿಯಿತು. ಇನ್ನು ಇಲೆವೆನ್‌ಳನ್ನು ಬೆನ್ನಟ್ಟಿದ್ದ ಸೇನೆಯ ವಿಷಯ. ಮಕ್ಕಳನ್ನು ಬಂದೂಕು ಹಿಡಿದು ಸುತ್ತುವರಿದಿದ್ದ ಸೈನಿಕರು ಹದಿನೆಂಟು ತಿಂಗಳ ನಂತರದ ದೃಶ್ಯದಲ್ಲಿ ಇಲ್ಲವೇ ಇಲ್ಲ. ಅವರ ಮುಖ್ಯಸ್ಥೆಗೆ ಏನಾಯಿತು, ಇವರನ್ನು ಹೇಗೆ ಬಿಟ್ಟರು ಎಂಬುದಕ್ಕೆ ಒಂದು ವಾಕ್ಯದ ಉತ್ತರವೂ ಇಲ್ಲ. ಹತ್ತು ವರ್ಷ ಸಣ್ಣ ಸಣ್ಣ ಸುಳಿವನ್ನೂ ಗಮನಿಸಲು ಕಲಿಸಿದ ಸರಣಿಯೇ ಇಷ್ಟು ದೊಡ್ಡ ಪ್ರಶ್ನೆಯನ್ನು ಬಿಟ್ಟು ಹೋದಾಗ ಜನ ಗುಪ್ತ ಸಂಚಿಕೆ ಇದೆ ಎಂದು ನಂಬಿದ್ದರಲ್ಲಿ ಆಶ್ಚರ್ಯವೇನಿದೆ?

ಇಷ್ಟಕ್ಕೆಲ್ಲ ಬರೆದವರನ್ನು ಮಾತ್ರ ದೂರಿದರೆ ಅನ್ಯಾಯವಾಗುತ್ತದೆ. ಲೆಕ್ಕ ನೋಡಿ. ಕತೆಯೊಳಗೆ 1983ರ ನವೆಂಬರ್‌ನಿಂದ 1987ರ ನವೆಂಬರ್‌ವರೆಗೆ ನಾಲ್ಕು ವರ್ಷ ಕಳೆದರೆ, ಹೊರಗೆ ಒಂಬತ್ತು ವರ್ಷ ಕಳೆದಿತ್ತು. ಮೊದಲ ಸೀಸನ್ ಬಂದಾಗ ಹನ್ನೆರಡು ವರ್ಷದವಳಾಗಿದ್ದ, ಇಲೆವೆನ್ ಪಾತ್ರದ ಮಿಲ್ಲಿ ಬಾಬಿ ಬ್ರೌನ್ ಕೊನೆಯ ಸೀಸನ್ ಬರುವಷ್ಟರಲ್ಲಿ ಇಪ್ಪತ್ತೊಂದು ದಾಟಿದ್ದಳು. ನಾಲ್ಕನೇ ಸೀಸನ್ 2022ರ ಮೇ ಮತ್ತು ಜುಲೈನಲ್ಲಿ, ಐದನೆಯದು 2025ರ ನವೆಂಬರ್‌ನಲ್ಲಿ. ನಡುವೆ 2023ರಲ್ಲಿ ಹಾಲಿವುಡ್‌ನ ಬರಹಗಾರರು 148 ದಿನ, ನಟರು 118 ದಿನ ಮುಷ್ಕರ ಹೂಡಿದರು. ಆ ಮುಷ್ಕರ ನ್ಯಾಯವಾದದ್ದೇ. ಆದರೆ ಅಂತರಕ್ಕೆ ಅದೊಂದೇ ಕಾರಣವಲ್ಲ. ಈಗ ಒಂದೊಂದು ಸಂಚಿಕೆಯನ್ನೂ ಸಿನಿಮಾದಂತೆ ತೆಗೆಯುತ್ತಾರೆ, ಗ್ರಾಫಿಕ್ಸ್ ಕೆಲಸವೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಹಿಂದೆ ಅಮೆರಿಕದ ಚಾನೆಲ್‌ಗಳಲ್ಲಿ ವರ್ಷಕ್ಕೆ ಇಪ್ಪತ್ತೆರಡು ಸಂಚಿಕೆ ಬರುತ್ತಿದ್ದ ಜಾಗದಲ್ಲಿ ಈಗ ಮೂರು ವರ್ಷಕ್ಕೊಮ್ಮೆ ಎಂಟು ಸಂಚಿಕೆ. ಆ ಎಂಟನ್ನೂ ಮೂರು ತುಂಡು ಮಾಡಿ ಅಮೆರಿಕದ ಲೆಕ್ಕದಲ್ಲಿ ನವೆಂಬರ್ 26, ಡಿಸೆಂಬರ್ 25, ಡಿಸೆಂಬರ್ 31ಕ್ಕೆ ಬಿಟ್ಟರು. ತಿಂಗಳ ಚಂದಾ ಕಟ್ಟಿ ನೋಡುವವನು ಕೊನೆಯವರೆಗೆ ನೋಡಬೇಕಾದರೆ ಎರಡನೇ ತಿಂಗಳಿಗೂ ಚಂದಾ ಕಟ್ಟಲೇಬೇಕು. ಯಾವ ದೃಶ್ಯಕ್ಕೆ ಕತ್ತರಿ, ಯಾವ ತಿರುವಿಗೆ ವಿರಾಮ ಎಂಬುದನ್ನು ಕತೆಯ ಜೊತೆಗೆ ಈ ಕ್ಯಾಲೆಂಡರ್ ಕೂಡ ನಿರ್ಧರಿಸತೊಡಗಿದೆ.

ಅಂತರ ಉದ್ದವಾದರೆ ಕತೆ ಕೆಡಲೇಬೇಕು ಎಂದೇನೂ ಇಲ್ಲ. ‘ಸೆವರೆನ್ಸ್’ ಸರಣಿಯ ಮೊದಲ ಸೀಸನ್ 2022ರಲ್ಲಿ, ಎರಡನೆಯದು 2025ರ ಜನವರಿಯಲ್ಲಿ ಬಂತು. ಕಚೇರಿಯಲ್ಲಿರುವಾಗ ಮನೆಯ ನೆನಪಿಲ್ಲ, ಮನೆಯಲ್ಲಿರುವಾಗ ಕಚೇರಿಯ ನೆನಪಿಲ್ಲ, ಒಂದೇ ದೇಹದೊಳಗೆ ಇಬ್ಬರು ಮಾರ್ಕ್‌ಗಳು. ಎರಡನೇ ಸೀಸನ್ನಿನ ಕೊನೆಯ ಸಂಚಿಕೆಯಲ್ಲಿ ಈ ಇಬ್ಬರೂ ಒಂದು ವಿಡಿಯೊ ಕ್ಯಾಮೆರಾದ ಮೂಲಕ ಮಾತನಾಡುತ್ತಾರೆ. ಒಬ್ಬ ಮಾತಾಡಿ ರೆಕಾರ್ಡ್ ಮಾಡುತ್ತಾನೆ, ಬಾಗಿಲು ದಾಟುತ್ತಾನೆ, ಇನ್ನೊಬ್ಬ ಎಚ್ಚೆತ್ತು ಅದನ್ನು ನೋಡಿ ಉತ್ತರಿಸುತ್ತಾನೆ. ಹೊರಗಿನ ಮಾರ್ಕ್‌ಗೆ ಒಳಗಿನವನ ಸಹಾಯ ಬೇಕು, ಸತ್ತಳೆಂದುಕೊಂಡಿದ್ದ ಹೆಂಡತಿಯನ್ನು ಬಿಡಿಸಲು. ಅವನು ಸಭ್ಯವಾಗಿ ಮಾತನಾಡುತ್ತಾನೆ, ಕ್ಷಮೆ ಕೇಳುತ್ತಾನೆ. ಆದರೆ ಒಳಗಿನವನು ಪ್ರೀತಿಸುವ ಹುಡುಗಿ ಹೆಲಿಯ ಹೆಸರನ್ನು ತಪ್ಪಾಗಿ ‘ಹೆಲೆನಿ’ ಎನ್ನುತ್ತಾನೆ. ಒಳಗಿನವನ ಮುಖ ಅಲ್ಲಿಯೇ ಬದಲಾಗುತ್ತದೆ. ನನ್ನ ಇಡೀ ಬದುಕು ಇವನಿಗೆ ಹೆಸರು ನೆನಪಿಟ್ಟುಕೊಳ್ಳುವಷ್ಟೂ ಮುಖ್ಯವಲ್ಲ ಎಂದು ಅವನಿಗೆ ಅರ್ಥವಾಗುತ್ತದೆ. ಕೊನೆಯಲ್ಲಿ ಬಾಗಿಲ ಆಚೆ ಹೆಂಡತಿ ಜೆಮ್ಮಾ ಕೂಗಿ ಕರೆಯುತ್ತಿದ್ದರೂ ಅವನು ತಿರುಗಿ ಹೆಲಿಯ ಕೈ ಹಿಡಿದು ಓಡುತ್ತಾನೆ. ಆ ಓಟಕ್ಕೆ ಕಾರಣ ತಪ್ಪಾಗಿ ಉಚ್ಚರಿಸಿದ ಒಂದು ಹೆಸರು, ಅದಕ್ಕೂ ಹಿಂದೆ ಎರಡು ಸೀಸನ್ ಉದ್ದಕ್ಕೂ ಕಟ್ಟಿದ ಒಂಟಿತನ. ಈ ಸೀಸನ್ನಿನ ನಡುವಿನ ಕೆಲವು ಸಂಚಿಕೆಗಳು ಎಳೆದಾಡಿದ್ದು ನಿಜ. ಆದರೂ ಕೊನೆಯ ಆಯ್ಕೆ ಪಾತ್ರದ್ದೇ ಆಗಿತ್ತು, ಮೇಲಿನಿಂದ ಹೇರಿದ್ದಾಗಿರಲಿಲ್ಲ.

ಹೇರಿದ್ದು ಹೇಗಿರುತ್ತದೆ ಎಂಬುದಕ್ಕೆ ‘ಗೇಮ್ ಆಫ್ ಥ್ರೋನ್ಸ್’ ಇಂದಿಗೂ ಪಾಠ. 2019ರ ಮೇ 19ರಂದು ಅದು ಮುಗಿದಾಗ ಕೊನೆಯ ಸೀಸನ್ನನ್ನು ಮತ್ತೆ ತೆಗೆಯಬೇಕೆಂಬ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದರು. ಅದೇ ವರ್ಷ ಶ್ರೇಷ್ಠ ನಾಟಕ ಸರಣಿ ಸೇರಿದಂತೆ 12 ಎಮ್ಮಿ ಪ್ರಶಸ್ತಿಗಳೂ ಬಂದವು. ಸಿಂಹಾಸನಕ್ಕಾಗಿ ಹೋರಾಡುವ ರಾಣಿ ಡೆನೇರಿಸ್ ಕ್ರೂರಿಯಾಗಬಾರದಿತ್ತು ಎಂದು ಬಹಳ ಜನ ಕೂಗಾಡಿದರು. ನಾನು ಹಾಗೆ ಹೇಳಲಾರೆ. ಅವಳ ಕ್ರೌರ್ಯದ ಬೀಜ ಮೊದಲಿನಿಂದಲೂ ಇತ್ತು. ಶತ್ರುಗಳನ್ನು ಶಿಲುಬೆಗೇರಿಸಿದಾಗ, ಶರಣಾಗದವರನ್ನು ಸುಟ್ಟಾಗ ನಾವೇ ಕೇಕೆ ಹಾಕಿದ್ದೆವು. ಆ ಬೀಜ ಮರವಾಗಲು ಜಾಗವೇ ಇರಲಿಲ್ಲ. ಮೊದಲ ಆರು ಸೀಸನ್‌ಗಳಲ್ಲಿ ಹತ್ತು ಹತ್ತು ಸಂಚಿಕೆ, ಏಳನೆಯದರಲ್ಲಿ ಏಳು, ಎಂಟನೆಯದರಲ್ಲಿ ಆರು. ಮೊದಲು ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಲು ಅರ್ಧ ಸೀಸನ್ ಹಿಡಿಯುತ್ತಿತ್ತು, ಆ ದಾರಿಯಲ್ಲೇ ಪಾತ್ರಗಳು ಬದಲಾಗುತ್ತಿದ್ದವು. ಕೊನೆಗೆ ಎಲ್ಲರೂ ಒಂದು ದೃಶ್ಯದಿಂದ ಇನ್ನೊಂದು ದೃಶ್ಯಕ್ಕೆ ಹಾರತೊಡಗಿದರು.

ಕೊನೆಯ ಸೀಸನ್ನಿನ ಐದನೇ ಸಂಚಿಕೆಯ ಆ ಗಂಟೆಗಳನ್ನು ನೆನಪಿಸಿಕೊಳ್ಳಿ. ನಗರ ಶರಣಾಗಿದೆ, ಗಂಟೆಗಳು ಬಾರಿಸುತ್ತಿವೆ. ಡೆನೇರಿಸ್ ಡ್ರ್ಯಾಗನ್ ಮೇಲೆ ಕುಳಿತು ಅರಮನೆಯತ್ತ ನೋಡುತ್ತಾಳೆ. ಎಮಿಲಿಯಾ ಕ್ಲಾರ್ಕ್ ಮುಖದಲ್ಲಿ ಸಿಟ್ಟು, ಅಳು, ಅವಮಾನ ಒಟ್ಟಿಗೇ ಹಾದು ಹೋಗುತ್ತವೆ. ಆಮೇಲೆ ಬೆಂಕಿ. ಒಬ್ಬ ನಟಿಯ ಅರ್ಧ ನಿಮಿಷದ ಮುಖಭಾವದ ಮೇಲೆ ಎರಡು ಸೀಸನ್ನಿನ ಭಾರ ಹೇರಿದರು. ಅವಳು ತನ್ನ ಕೈಲಾದಷ್ಟು ಹೊತ್ತಳು. ಮೂಲ ಕಾದಂಬರಿ ಮಾಲೆಯ ಐದನೇ ಸಂಪುಟ 2011ರಲ್ಲಿ ಬಂದ ಮೇಲೆ ಆರನೆಯದು ಇನ್ನೂ ಬಂದಿಲ್ಲ. ಮೂಲ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ ಕತೆಯ ಮುಖ್ಯ ನಿಲುಗಡೆಗಳನ್ನು ಸರಣಿಯವರಿಗೆ ಹೇಳಿದ್ದರು. ಅಂದರೆ ಎಲ್ಲಿಗೆ ತಲುಪಬೇಕು ಎಂಬುದು ಗೊತ್ತಿತ್ತು, ದಾರಿ ಮಾತ್ರ ಬರೆದಿರಲಿಲ್ಲ. ನಿಲುಗಡೆ ಗೊತ್ತಿದ್ದರೆ ಸಾಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಇತ್ತೀಚಿನ ವರ್ಷಗಳಲ್ಲಿ ನಾನು ಕಂಡ ಅತ್ಯುತ್ತಮ ಅಂತ್ಯ ಯಾವುದು ಎಂದು ಯಾರಾದರೂ ಕೇಳಿದರೆ ಒಂದು ಕ್ಷಣವೂ ತಡವರಿಸದೆ ‘ಬೆಟರ್ ಕಾಲ್ ಸಾಲ್’ ಎನ್ನುತ್ತೇನೆ. 2015ರಿಂದ 2022ರವರೆಗೆ 63 ಸಂಚಿಕೆ. ಒಟ್ಟು 53 ಎಮ್ಮಿ ನಾಮನಿರ್ದೇಶನ ಪಡೆದೂ ಒಂದನ್ನೂ ಗೆಲ್ಲದ ಸರಣಿ ಇದು. ಆ ಪ್ರಶಸ್ತಿ ಕೊಡುವವರ ಬಗ್ಗೆ ನನಗಿರುವ ಬೇಸರ ಇಂದಿಗೂ ಆರಿಲ್ಲ. ಮಾತಿನ ಮೋಡಿಯಿಂದಲೇ ಬದುಕಿದ ವಕೀಲ ಜಿಮ್ಮಿ ಕೊನೆಗೆ ಸಿಕ್ಕಿಬೀಳುತ್ತಾನೆ. ಸರ್ಕಾರಿ ವಕೀಲರ ಎದುರು ಕುಳಿತು, ಜೀವಾವಧಿ ಶಿಕ್ಷೆ ಆಗಬೇಕಾದ ಜಾಗದಲ್ಲಿ ಏಳು ವರ್ಷಕ್ಕೆ ಇಳಿಸಿಕೊಳ್ಳುತ್ತಾನೆ. ಮೇಲೆ ಶುಕ್ರವಾರ ಶುಕ್ರವಾರ ಜೈಲಿಗೆ ತನಗಿಷ್ಟದ ಐಸ್‌ಕ್ರೀಂ ಬರಬೇಕು ಎಂದೂ ಸೇರಿಸುತ್ತಾನೆ. ಅವನ ಜಾಣತನದ ಪರಾಕಾಷ್ಠೆ ಅದು, ನಾವು ನಗುತ್ತೇವೆ. ಆಮೇಲೆ ನ್ಯಾಯಾಲಯದಲ್ಲಿ, ಮಾಜಿ ಹೆಂಡತಿ ಕಿಮ್ ಹಿಂದಿನ ಸಾಲಿನಲ್ಲಿ ಕುಳಿತಿರುವಾಗ, ಎಲ್ಲವನ್ನೂ ಒಪ್ಪಿಕೊಂಡುಬಿಡುತ್ತಾನೆ. ಅಣ್ಣ ಚಕ್‌ಗೆ ಮಾಡಿದ ದ್ರೋಹವನ್ನೂ ಹೇಳುತ್ತಾನೆ, ಅದು ಅಪರಾಧವೇ ಅಲ್ಲ ಎಂದು ಅವನ ವಕೀಲರು ತಡೆಯಲು ನೋಡಿದರೂ. ವಕೀಲಿಗೆಂದು ಇಟ್ಟುಕೊಂಡಿದ್ದ ಸಾಲ್ ಎಂಬ ಹೆಸರನ್ನು ಕಳಚಿಟ್ಟು ತನ್ನ ನಿಜ ಹೆಸರಿನ ಜೇಮ್ಸ್ ಮೆಕ್‌ಗಿಲ್ ಆಗುತ್ತಾನೆ. ಏಳು ವರ್ಷ ಎಂಬತ್ತಾರು ವರ್ಷವಾಗುತ್ತದೆ.

ಕೊನೆಯ ಭೇಟಿ ಜೈಲಿನಲ್ಲಿ. ಚಿತ್ರ ಕಪ್ಪು ಬಿಳುಪು. ಕಿಮ್ ಒಂದು ಸಿಗರೇಟು ತರುತ್ತಾಳೆ, ಇಬ್ಬರೂ ಗೋಡೆಗೆ ಒರಗಿ ಹಂಚಿಕೊಂಡು ಸೇದುತ್ತಾರೆ. ಮೊದಲ ಸಂಚಿಕೆಯಲ್ಲಿ ಪಾರ್ಕಿಂಗ್ ಜಾಗದಲ್ಲಿ ಹೀಗೆಯೇ ನಿಂತಿದ್ದರು. ಇಡೀ ಬೂದು ಬಣ್ಣದ ಚಿತ್ರದಲ್ಲಿ ಬೆಂಕಿಯ ಜ್ವಾಲೆಗೂ ಸಿಗರೇಟಿನ ತುದಿಯ ಕೆಂಡಕ್ಕೂ ಮಾತ್ರ ಬಣ್ಣ. ಇಲ್ಲಿ ಯಾವ ರಹಸ್ಯವೂ ಬಯಲಾಗುವುದಿಲ್ಲ, ಯಾರೂ ಸಾಯುವುದಿಲ್ಲ. ಆರು ಸೀಸನ್ ಉದ್ದಕ್ಕೂ ತಪ್ಪಿಸಿಕೊಂಡೇ ಓಡಿದವನು ಒಂದೇ ಒಂದು ಸಲ ನಿಂತ, ಅವಳು ಅದನ್ನು ಕಂಡಳು, ಅಷ್ಟೇ. ಆ ‘ಅಷ್ಟೇ’ಗಾಗಿ 62 ಸಂಚಿಕೆಗಳ ಕೆಲಸ ನಡೆದಿತ್ತು. ಸರಣಿಯ ಜನಕರಾದ ವಿನ್ಸ್ ಗಿಲಿಗನ್ ಮತ್ತು ಪೀಟರ್ ಗೌಲ್ಡ್ ಅವರಿಗೆ ಚಾನೆಲ್ ಆ ಸಮಯ ಕೊಟ್ಟಿತು. 2021ರ ಜುಲೈನಲ್ಲಿ ಚಿತ್ರೀಕರಣದ ನಡುವೆ ನಾಯಕ ನಟ ಬಾಬ್ ಓಡನ್‌ಕರ್ಕ್ ಹೃದಯಾಘಾತದಿಂದ ಕುಸಿದರೂ ಅವರು ಚೇತರಿಸಿಕೊಂಡು ಬರುವವರೆಗೆ ಕಾದರು.

ಅಪ್ಪನ ಮಾಧ್ಯಮ ಕಂಪನಿಯ ಕುರ್ಚಿಗಾಗಿ ಮಕ್ಕಳು ಕಿತ್ತಾಡುವ ‘ಸಕ್ಸೆಷನ್’ ಕತೆಯೂ ಇದೇ ಜಾತಿಯದು. ಬರಹಗಾರ ಜೆಸ್ಸಿ ಆರ್ಮ್‌ಸ್ಟ್ರಾಂಗ್ 2023ರಲ್ಲಿ, ನಾಲ್ಕನೇ ಸೀಸನ್ ಪ್ರಸಾರಕ್ಕೆ ಮೊದಲೇ, ಇದೇ ಕೊನೆ ಎಂದು ಘೋಷಿಸಿದರು. ನೋಡುಗರ ಸಂಖ್ಯೆ ಏರುತ್ತಲೇ ಇದ್ದ ಕಾಲವದು. ಇನ್ನೂ ಎರಡು ಸೀಸನ್ ಎಳೆದಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಅಪ್ಪ ಲೋಗನ್ ಕೊನೆಯ ಸೀಸನ್ನಿನ ಮೂರನೇ ಸಂಚಿಕೆಯಲ್ಲೇ ಸಾಯುತ್ತಾನೆ, ಅದೂ ದೂರದ ವಿಮಾನವೊಂದರಲ್ಲಿ. ಮಕ್ಕಳು ಫೋನು ಹಿಡಿದುಕೊಂಡು ತೊದಲುತ್ತಾರೆ. ಅಂತಿಮ ಸಂಚಿಕೆಯಲ್ಲಿ ಕಂಪನಿ ಮಾರಾಟದ ಮತದಾನ ಆರು-ಆರಕ್ಕೆ ಬಂದು ನಿಂತಾಗ ತಂಗಿ ಶಿವ್ ಎದ್ದು ಹೊರಗೆ ಹೋಗುತ್ತಾಳೆ. ಗಾಜಿನ ಗೋಡೆಯ ಕೋಣೆಯಲ್ಲಿ ಮೂವರೂ ಕಿತ್ತಾಡುತ್ತಾರೆ, ಆಚೆಯಿಂದ ಎಲ್ಲರೂ ನೋಡುತ್ತಿರುತ್ತಾರೆ. ತಾನೇ ಹಿರಿಯ ಮಗ ಎಂದು ಕೆಂಡಾಲ್ ಚಿಕ್ಕ ಹುಡುಗನಂತೆ ಹಟ ಹಿಡಿಯುತ್ತಾನೆ. ಅವರಲ್ಲಿ ಯಾರೂ ಆ ಕುರ್ಚಿಗೆ ಯೋಗ್ಯರಲ್ಲ ಎಂದು ನಮಗೆ ಮೊದಲ ಸೀಸನ್ನಿನಲ್ಲೇ ಗೊತ್ತಿತ್ತು. ಅವರಿಗೂ ಗೊತ್ತಾಗುವುದೇ ಅಂತ್ಯ.

ಕೊನೆ ಮೊದಲೇ ತಿಳಿದಿದ್ದರೆ ಕುತೂಹಲ ಸಾಯುತ್ತದೆ ಎಂಬ ಮಾತನ್ನು ನಾನು ಎಂದೂ ಒಪ್ಪಿಲ್ಲ. ಯಕ್ಷಗಾನದ ಬಯಲಾಟದಲ್ಲಿ ಕರ್ಣ ಸಾಯುತ್ತಾನೆಂದು ಸಣ್ಣ ಮಕ್ಕಳಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಜನ ಕೂರುತ್ತಾರೆ, ಈ ಸಲ ಅವನು ಏನು ಮಾತಾಡಿ ಸಾಯುತ್ತಾನೆ ಎಂದು ಕೇಳಲು. ‘ಸ್ಟಾರ್ ವಾರ್ಸ್’ ಲೋಕದ ಸರಣಿ ‘ಆಂಡೋರ್’ ಗೆದ್ದದ್ದು ಹೀಗೆಯೇ. ಅದರ ನಾಯಕ ಕ್ಯಾಸಿಯನ್ ಸಾಯುವುದನ್ನು 2016ರಲ್ಲಿ ಬಂದ ‘ರೋಗ್ ಒನ್’ ಸಿನಿಮಾದಲ್ಲೇ ನೋಡಿಯಾಗಿತ್ತು. ಐದು ಸೀಸನ್ ಎಂದು ಯೋಚಿಸಿದ್ದ ಸರಣಿಯ ಜನಕ ಟೋನಿ ಗಿಲ್‌ರಾಯ್ ಅದನ್ನು ಎರಡಕ್ಕೆ ಇಳಿಸಿದರು. ಎರಡನೇ ಸೀಸನ್ನಿನ ಹನ್ನೆರಡು ಸಂಚಿಕೆಗಳಲ್ಲಿ ಮೂರು ಮೂರಕ್ಕೆ ಒಂದೊಂದು ವರ್ಷ ದಾಟಿಸಿದರು. ಕಡಿತ ಇಲ್ಲಿಯೂ ಆಯಿತು, ಆದರೆ ಬರೆಯುವ ಮೊದಲೇ ಆಯಿತು, ಬರೆಯುವವನೇ ಮಾಡಿದ. ಹಾಗಾಗಿ ವರ್ಷಗಳ ನಡುವಿನ ಖಾಲಿ ಜಾಗವೂ ಕತೆ ಹೇಳಿತು. ತನ್ನನ್ನು ಸಾಕಿದ ಬಂಡಾಯಗಾರ ಲೂಥನ್ ಶತ್ರುಗಳ ಕೈಗೆ ಸಿಕ್ಕಿ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿರುವಾಗ ಕ್ಲೇಯಾ ಒಳನುಗ್ಗಿ, ಅವನ ಹಣೆಗೆ ಮುತ್ತಿಟ್ಟು, ಉಸಿರಾಟದ ಯಂತ್ರವನ್ನು ತಾನೇ ನಿಲ್ಲಿಸುವ ದೃಶ್ಯವನ್ನು ಮರೆಯಲು ನನ್ನಿಂದಾಗಿಲ್ಲ.

ಇದಕ್ಕೆ ತದ್ವಿರುದ್ಧ, ಸಾಲಗಾರರು ಹಣಕ್ಕಾಗಿ ಪ್ರಾಣ ಒತ್ತೆಯಿಟ್ಟು ಆಟವಾಡುವ ಕೊರಿಯಾದ ‘ಸ್ಕ್ವಿಡ್ ಗೇಮ್’. 2021ರ ಒಂಬತ್ತು ಸಂಚಿಕೆಗಳಲ್ಲಿ ಅದು ಪೂರ್ಣವಾಗಿತ್ತು. ಲೋಕವೇ ಮುಗಿಬಿದ್ದು ನೋಡಿದ ಮೇಲೆ ಮುಂದುವರಿಯಿತು. ಎರಡು ಮತ್ತು ಮೂರನೇ ಸೀಸನ್‌ಗಳನ್ನು ಒಟ್ಟಿಗೇ ಬರೆದು, ಒಟ್ಟಿಗೇ ಚಿತ್ರೀಕರಿಸಿ, ನಡುವೆ ಕತ್ತರಿಸಿ 2024ರ ಡಿಸೆಂಬರ್ ಮತ್ತು 2025ರ ಜೂನ್‌ನಲ್ಲಿ ಬಿಟ್ಟರು. ನಾಯಕ ಗಿ-ಹುನ್ ಒಂದು ಕೂಸನ್ನು ಉಳಿಸಲು ಪ್ರಾಣ ಕೊಡುವಾಗ, ಮನುಷ್ಯರೆಂದರೆ ಏನು ಎಂದು ಹೇಳಹೊರಟ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಬೀಳುತ್ತಾನೆ. ನಿರ್ದೇಶಕ ಹ್ವಾಂಗ್ ಡಾಂಗ್-ಹ್ಯುಕ್ ಅಲ್ಲಿಗೆ ಪರದೆ ಎಳೆದಿದ್ದರೆ ನಾನು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಆದರೆ ಕತೆ ಲಾಸ್ ಏಂಜಲೀಸ್‌ಗೆ ಹೋಗುತ್ತದೆ, ಓಣಿಯೊಂದರಲ್ಲಿ ಹಾಲಿವುಡ್ ನಟಿ ಕೇಟ್ ಬ್ಲಾಂಚೆಟ್, ಹೊಸಬರನ್ನು ಸೆಳೆಯುವ ಅದೇ ಆಟವನ್ನು ಇನ್ನೊಬ್ಬನೊಂದಿಗೆ ಆಡುತ್ತಿದ್ದಾಳೆ. ಅನ್ಯಾಯಕ್ಕೆ ಗಡಿಯಿಲ್ಲ ಎಂಬ ಅರ್ಥ ಅದರಲ್ಲಿದೆ, ಸರಿ. ಆದರೆ ನೋಡುಗನಿಗೆ ಮೊದಲು ತೋರುವುದು ಮುಂದಿನ ಸರಣಿಯೊಂದರ ಬಾಗಿಲು. ಸತ್ತವನ ಶೋಕಕ್ಕೂ ಬಿಡುವು ಸಿಗಲಿಲ್ಲ.

ನಮ್ಮ ದೇಶದಲ್ಲಿಯೂ ಈ ಕಾಯಿಲೆ ಹಬ್ಬಿದೆ. ನಾಲ್ಕು ವರ್ಷಕ್ಕೂ ಹೆಚ್ಚು ಕಾಯಿಸಿ 2025ರ ನವೆಂಬರ್‌ನಲ್ಲಿ ಬಂದ ‘ದಿ ಫ್ಯಾಮಿಲಿ ಮ್ಯಾನ್’ ಮೂರನೇ ಸೀಸನ್ ಏಳೇ ಸಂಚಿಕೆಗೆ ನಿಂತಿತು. ಜೈದೀಪ್ ಅಹ್ಲಾವತ್ ಆಡಿದ ಖಳ ರುಕ್ಮಾ ಕೈಗೆ ಸಿಗದೆ ಉಳಿದ, ಗೂಢಚಾರ ನಾಯಕ ಶ್ರೀಕಾಂತ್ ತಿವಾರಿ ಗಾಯಗೊಂಡು ಕುಸಿದ, ಪರದೆ ಕಪ್ಪಾಯಿತು. ಎರಡನೇ ಸೀಸನ್ ತನ್ನ ಸಂಚನ್ನು ತಾನೇ ಮುಗಿಸಿ, ಮುಂದಿನದಕ್ಕೊಂದು ಎಳೆ ಮಾತ್ರ ಬಿಟ್ಟಿತ್ತು. ಎಳೆ ಬಿಡುವುದು ಬೇರೆ, ಊಟದ ನಡುವೆ ಎಲೆ ಎತ್ತುವುದು ಬೇರೆ. ಕನ್ನಡದ ದೈನಂದಿನ ಧಾರಾವಾಹಿಗಳಲ್ಲಿ ಸೀಸನ್ ಎಂಬ ಲೆಕ್ಕವೇ ಇಲ್ಲ. ಗುರುವಾರದ ಟಿಆರ್‌ಪಿ ಇರುವವರೆಗೆ ಓಟ, ಅದು ಇಳಿದರೆ ಕೆಲವೇ ವಾರಗಳಲ್ಲಿ ಎಲ್ಲ ಗಂಟುಗಳನ್ನೂ ಬಿಚ್ಚಿ, ಎಲ್ಲರನ್ನೂ ಕ್ಷಮಿಸಿ, ಮನೆಮಂದಿಯ ಫೋಟೊ ತೆಗೆದು ಶುಭಂ. ವರ್ಷಗಟ್ಟಲೆ ಬರೆದ ಸಂಭಾಷಣೆಕಾರನಿಗೂ ಕೊನೆಯ ಸಂಚಿಕೆಯ ದಿನಾಂಕದ ಮೇಲೆ ಹಿಡಿತವಿಲ್ಲ. ನೆಟ್‌ಫ್ಲಿಕ್ಸ್‌ನ ಕ್ಯಾಲೆಂಡರ್‌ಗೂ ನಮ್ಮ ಟಿಆರ್‌ಪಿಗೂ ದುಡ್ಡಿನ ಅಳತೆಯಲ್ಲಿ ಮಾತ್ರ ವ್ಯತ್ಯಾಸ.

ಬೇರೆ ದಾರಿ ಇಲ್ಲವೆಂದಲ್ಲ. ‘ದಿ ಪಿಟ್’ 2025ರ ಜನವರಿಯಿಂದ ವಾರಕ್ಕೊಂದರಂತೆ ಹದಿನೈದು ಸಂಚಿಕೆ ಬಂತು. ಪಿಟ್ಸ್‌ಬರ್ಗ್‌ನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ಒಂದೇ ಪಾಳಿ, ಒಂದು ಸಂಚಿಕೆಗೆ ಒಂದು ತಾಸು. ಆ ವರ್ಷದ ಶ್ರೇಷ್ಠ ನಾಟಕ ಸರಣಿಯ ಎಮ್ಮಿ ಗೆದ್ದು, 2026ರ ಜನವರಿಯಲ್ಲಿ ಎರಡನೇ ಸೀಸನ್ನಿನೊಂದಿಗೆ ಮರಳಿತು. ಬಹುಪಾಲು ಒಂದೇ ಸೆಟ್ಟು, ಹಿಡಿತದ ಖರ್ಚು, ಪಾಳಿ ಮುಗಿದರೆ ಸೀಸನ್ ಮುಗಿಯಿತು. ಗುಂಡಿನ ದಾಳಿಯಲ್ಲಿ ಗಾಯಗೊಂಡವರನ್ನೆಲ್ಲ ನೋಡಿಕೊಂಡ ವೈದ್ಯರು ಮತ್ತು ದಾದಿಯರು ಕೊನೆಗೆ ಪಾರ್ಕಿನಲ್ಲಿ ಕುಳಿತು ಬಿಯರ್ ಕುಡಿಯುತ್ತಾರೆ. ಮುಂದೇನು ಎಂದು ಹೆದರಿಸಿ ನಮ್ಮನ್ನು ಹಿಡಿದಿಡುವ ಅಗತ್ಯ ಆ ಸರಣಿಗೆ ಬೀಳಲಿಲ್ಲ.

ಇನ್ನು ನನ್ನ ಕಣ್ಣು ‘ಗೇಮ್ ಆಫ್ ಥ್ರೋನ್ಸ್’ಗೂ ಹಿಂದಿನ ಕಾಲದ ಕತೆ ಹೇಳುವ ‘ಹೌಸ್ ಆಫ್ ದಿ ಡ್ರ್ಯಾಗನ್’ ಮೇಲಿದೆ. ಮೊದಲ ಸೀಸನ್ನಿಗೆ ಹತ್ತು ಸಂಚಿಕೆ, 2024ರ ಎರಡನೆಯದಕ್ಕೆ ಎಂಟು. ಎಲ್ಲ ಸೈನ್ಯಗಳೂ ಯುದ್ಧಕ್ಕೆ ಹೊರಟ ಕ್ಷಣದಲ್ಲೇ ಅದು ನಿಂತುಬಿಟ್ಟಿತು. ನಾಲ್ಕನೇ ಸೀಸನ್ನಿಗೆ ಮುಗಿಸುವುದಾಗಿ ಸರಣಿಯ ಮುಖ್ಯಸ್ಥ ರಯಾನ್ ಕಾಂಡಲ್ ಅದೇ ವರ್ಷ ಹೇಳಿದ್ದಾರೆ. ‘ಗೇಮ್ ಆಫ್ ಥ್ರೋನ್ಸ್’ಗೆ ಇಲ್ಲದ ಅನುಕೂಲ ಇದಕ್ಕಿದೆ: ಈ ಅಂತಃಕಲಹ ಹೇಗೆ ಮುಗಿಯುತ್ತದೆ ಎಂಬುದನ್ನು ಮಾರ್ಟಿನ್ ಈಗಾಗಲೇ ಬರೆದು ಮುಗಿಸಿದ್ದಾರೆ. ನಿಲುಗಡೆಯೂ ಗೊತ್ತು, ದಾರಿಯೂ ಗೊತ್ತು. ಉಳಿದ ಯುದ್ಧಗಳ, ಸಾವುಗಳ, ದ್ರೋಹಗಳ ಪಟ್ಟಿ ದೊಡ್ಡದು. ಡ್ರ್ಯಾಗನ್‌ಗಳ ಗ್ರಾಫಿಕ್ಸ್‌ಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಇನ್ನೆರಡು ಸಂಚಿಕೆಗಳಿಗೆ, ಇಬ್ಬರು ಹೆಂಗಸರು ಒಂದು ಕೋಣೆಯಲ್ಲಿ ಕುಳಿತು ಮಾತಾಡುವ ದೃಶ್ಯಗಳಿಗೆ ಕೊಟ್ಟರೆ ಎದುರಾಳಿ ರಾಣಿಯರಾದ ರೆನೀರಾ ಮತ್ತು ಅಲಿಸೆಂಟ್‌ರ ಕತೆ ತನ್ನ ಕಾಲ ಮೇಲೆ ತಾನೇ ನಡೆದು ಕೊನೆ ತಲುಪಬಲ್ಲದು.